ಹಿತ್ತಾಳೆ ತೋಟೆಗೆ ಅರ ಹಾಕಿದ ಹಲ್ಲಿನ ಡಾಕ್ಟ್ರು

"ಇದಕ್ಕೊಂದು ಸೈನ್ ಹಾಕು. ಸೀಲೂ ಹಾಕು."

ಮೂಡುಬಿದಿರೆಯ ನನ್ನ ಕ್ಲಿನಿಕ್ಕಿನಲ್ಲಿ ನಾನು ಒಬ್ಬರು ಟೀಚರಮ್ಮನ ದವಡೆ ಹಲ್ಲಿಗೆ ಸಿಮೆಂಟ್ ತುಂಬಿಸುತ್ತಿದ್ದೆ. ಬಾಗಿಲು ತಟ್ಟದೆ ಒಳಗೆ ಬಂದು ನನ್ನ ಮೂಗಿನ ಮುಂದೆ ಒಂದು ಫಾರಂ ಹಿಡಿದವರು ನನ್ನ ಸೋದರಮಾವ ಜಿನರಾಜ ಮಾವ. ಬಾಯಿ ತೆರೆದುಕೊಂಡೇ ಇದ್ದ ಟೀಚರಮ್ಮ ಕಣ್ಣಲ್ಲೇ ನಕ್ಕರು. ಅವರಿಗೆ ಬೇರೆ ದಾರಿಯೂ ಇರಲಿಲ್ಲ.

ಕೈ ತೊಳೆದು ಬಂದು ಫಾರಂ ಓದಿದೆ. ಇವರನ್ನು ನಾನು ಪರೀಕ್ಷಿಸಿದ್ದೇನೆ, ಇವರ ದೇಹವೂ ಮನಸ್ಸೂ ಸರಿಯಾಗಿದೆ, ಇವರ ಕೈಗೆ ಕೋವಿ ಕೊಡಬಹುದು. ಒಟ್ಟಿನಲ್ಲಿ ಅದರ ಅರ್ಥ ಇಷ್ಟು. ಕೋವಿ ಲೈಸೆನ್ಸ್ ರಿನ್ಯೂವಲ್ ಆಗಬೇಕಾದರೆ ಡಾಕ್ಟರರ ಈ ಸರ್ಟಿಫಿಕೇಟು ಬೇಕು.

"ಮಾವ, ನಾನು ಹಲ್ಲಿನ ಡಾಕ್ಟರ್."

"ಡಾಕ್ಟರ್ ಹೌದಲ್ಲ?"

"ನೀವು ಕೋವಿಯನ್ನು ಹಲ್ಲಲ್ಲಿ ಹಿಡಿಯುವುದಾ?"

ಮಾವ ನಗಲಿಲ್ಲ. "ಬೋರ್ಡಿನಲ್ಲಿ ಡಾಕ್ಟರ್ ಅಂತ ಇಷ್ಟು ದೊಡ್ಡ ಅಕ್ಷರದಲ್ಲಿ ಬರೆಸಿದ್ದಿ. ಒಂದು ಸೈನ್ ಹಾಕ್ಲಿಕ್ಕೆ ಇಷ್ಟು ರಗಳೆ ಎಂತದು ಮಾರಾಯ?" ಎಂದರು. (ನಮ್ಮ ಮನೆಮಾತು ತುಳು. ನಿಮಗಾಗಿ ಕನ್ನಡ ಮಾಡಿದ್ದೇನೆ. ತುಳುವಿನಲ್ಲಿ ಅದು ಇನ್ನೂ ಖಾರವಾಗಿತ್ತು.)

ಮೊದಲಿಗೆ ಫಾರಂ ಅವರ ಕೈಯಿಂದ ನನ್ನ ಕೈಗೆ ಬರುವಾಗ ಒಂದು ಸಣ್ಣ ಸದ್ದು ಬಂದಿತ್ತು. ಫ್ಯಾನಿನ ಗಾಳಿಗೆ ಕಾಗದ ಪಟಪಟ ಅನ್ನುತ್ತದಲ್ಲ, ಅಂಥದ್ದು. ಆದರೆ ಆಗ ಕರೆಂಟ್ ಇರಲಿಲ್ಲ, ಫ್ಯಾನ್ ನಿಂತಿತ್ತು. ನಾನು ತಲೆ ಎತ್ತುವಷ್ಟರಲ್ಲಿ ಮಾವನ ಎರಡೂ ಕೈ ಪ್ಯಾಂಟಿನ ಜೇಬಿನೊಳಗೆ ಸೇರಿ ಆಗಿತ್ತು.

ಕಾಗದ ಯಾಕೆ ಪಟಪಟ ಅಂದಿತು ಎಂದು ನನಗೆ ಗೊತ್ತಾಯಿತು. ಗೊತ್ತಾದರೂ ಕಾಣದವನ ಹಾಗೆ ಕೂತೆ. ಡಾಕ್ಟರನಾಗಿ ಕೇಳಬೇಕಿತ್ತು, ಅಳಿಯನಾಗಿ ಬಾಯಿ ಬರಲಿಲ್ಲ. ಈಗಲೂ ಅದನ್ನು ನೆನೆದರೆ ನನ್ನ ಮೇಲೆ ನನಗೇ ಸಿಟ್ಟು ಬರುತ್ತದೆ.

"ಇವತ್ತು ಬೇಡ. ಯೋಚನೆ ಮಾಡು. ಆದಿತ್ಯವಾರ ಮನೆಗೆ ಬಾ, ಬೇರೆ ಒಂದು ಕೆಲಸವೂ ಉಂಟು" ಎಂದು ಹೇಳಿ ಮಾವ ಹೊರಟುಹೋದರು.

ಈಗ ನಿಮ್ಮಲ್ಲಿ ಕೆಲವರ ಹುಬ್ಬು ಮೇಲೆ ಹೋಗಿರಬಹುದು. ಜೈನರ ಮನೆಯಲ್ಲಿ ಕೋವಿಯೇ? ಹೌದು ಸ್ವಾಮಿ, ಉಂಟು. ಒಂದು ಹಳೇ ರೈಫಲ್. ಅಳಿಯಕಟ್ಟಿನ ಲೆಕ್ಕದಲ್ಲಿ ಮಾವನಿಂದ ಅಳಿಯನಿಗೆ, ಆ ಅಳಿಯ ಮಾವನಾದ ಮೇಲೆ ಅವನ ಅಳಿಯನಿಗೆ, ಹೀಗೆ ಇಳಿದು ಬಂದದ್ದು. (ಆ ಲೆಕ್ಕದಲ್ಲಿ ಮುಂದಿನ ಪಾಳಿ ನನ್ನದು. ಜಿರಲೆ ಕಂಡರೆ ಕುರ್ಚಿ ಹತ್ತುವವನು ನಾನು.) ಈ ರೈಫಲ್ ಇವತ್ತಿನವರೆಗೆ ಒಂದು ಹಕ್ಕಿಯನ್ನೂ ಮುಟ್ಟಿದ್ದಿಲ್ಲ. ಅದು ಹೊಡೆದದ್ದು ತೆಂಗಿನಕಾಯಿ ಮಾತ್ರ.

ಚಾರ್ಮಾಡಿ ಕಡೆಯ ಒಂದು ಯುವಕ ಮಂಡಲ ವರ್ಷಕ್ಕೊಮ್ಮೆ, ಪೊಲೀಸರ ಅನುಮತಿ ತೆಗೆದುಕೊಂಡು, ತೆಂಗಿನಕಾಯಿಗೆ ಗುರಿ ಇಡುವ ಸ್ಪರ್ಧೆ ನಡೆಸುತ್ತದೆ. ಒಬ್ಬರಿಗೆ ಮೂರು ಗುಂಡು. ಹೊಡೆದ ಕಾಯಿ ಹೊಡೆದವರಿಗೇ. ಆ ಕಾಯಿಯ ಚಟ್ನಿಯನ್ನು ನಾವೆಲ್ಲ ಪ್ರತಿ ವರ್ಷವೂ ತಿಂದಿದ್ದೇವೆ. ರುಚಿಯಲ್ಲಿ ವಿಶೇಷ ಏನಿಲ್ಲ, ಆದರೆ ಅದನ್ನು ತಿನ್ನುವಾಗ ಮಾವನ ಮುಖ ನೋಡಬೇಕು!

ಅಂದರೆ ವಿಷಯ ಇಷ್ಟೇ. ಸಹಿ ಇಲ್ಲದಿದ್ದರೆ ಲೈಸೆನ್ಸ್ ಇಲ್ಲ. ಲೈಸೆನ್ಸ್ ಇಲ್ಲದಿದ್ದರೆ ರೈಫಲ್ ಇಲ್ಲ. ರೈಫಲ್ ಇಲ್ಲದಿದ್ದರೆ ಎಪ್ಪತ್ತನಾಲ್ಕರ ನನ್ನ ಮಾವನಿಗೆ ಕ್ಯಾಲೆಂಡರಿನಲ್ಲಿ ಕಾಯುವುದಕ್ಕೆ ಒಂದು ದಿನವೂ ಉಳಿಯುವುದಿಲ್ಲ.

ಆದಿತ್ಯವಾರ ಬೆಳಿಗ್ಗೆ ಸಿದ್ದಕಟ್ಟೆ ರಸ್ತೆಯಲ್ಲಿ ಬಂಟ್ವಾಳಕ್ಕೆ ಇಳಿದು, ಮಾಣಿಯ ಹತ್ತಿರದ ಮಾವನ ಮನೆಗೆ ಹೋದೆ. ಹೆದ್ದಾರಿಯ ಲಾರಿಗಳ ಹಾರನ್ನು ಕೇಳುವ ತಾರಸಿ ಮನೆ. ಹಿಂದೆ ಶೀಟ್ ಹಾಕಿದ ಒಂದು ಶೆಡ್ಡು. ಮಾವ ಸರ್ವೆ ಇಲಾಖೆಯಲ್ಲಿ ಮೂವತ್ತು ವರ್ಷ ಜಾಗ ಅಳೆದು ನಿವೃತ್ತರಾದವರು. ಬಂಟ್ವಾಳ, ಬೆಳ್ತಂಗಡಿ ತಾಲೂಕಿನಲ್ಲಿ ಅವರ ಸರಪಳಿ ಎಳೆಯದ ಗದ್ದೆ ಕಡಿಮೆ. ಶೆಡ್ಡಿನಲ್ಲಿ ಹಲಗೆಯ ಮೇಜು, ಅದಕ್ಕೆ ಕಚ್ಚಿಸಿದ, ವಸ್ತು ಬಿಗಿ ಹಿಡಿಯುವ ವೈಸ್, ಗೋಡೆಯಲ್ಲಿ ಸಾಲಾಗಿ ತೂಗುವ ಅರಗಳು. ಒಂದೊಂದಕ್ಕೂ ಒಂದೊಂದು ಮೊಳೆ. ನನ್ನ ಕ್ಲಿನಿಕ್ಕೂ ಅಷ್ಟು ನೀಟಾಗಿಲ್ಲ.

ಕೆಲಸ ಏನೆಂದರೆ, ಮಾವನ ರೈಫಲಿನ ಸೈಜಿನ ತೋಟೆ ಈಗ ಅಂಗಡಿಯಲ್ಲಿ ಸಿಗುವುದಿಲ್ಲ. ತೋಟೆ ಅಂದರೆ ಗುಂಡು, ಮದ್ದು ಎಲ್ಲ ಕೂರುವ ಹಿತ್ತಾಳೆಯ ಕೊಳವೆ. ಅದೇ ಬುಡದ, ಆದರೆ ಸ್ವಲ್ಪ ಉದ್ದದ ತೋಟೆ ಸಿಗುತ್ತದೆ. ಹಾಗಾಗಿ ಖಾಲಿ ಉದ್ದದ ತೋಟೆಯನ್ನು ಸಣ್ಣ ಗರಗಸದಲ್ಲಿ ಕೊಯ್ದು, ಅರ ಹಾಕಿ, ಸರಿಯಾದ ಅಳತೆಗೆ ಇಳಿಸಬೇಕು. ಆಮೇಲೆ ಬಾಯಿಯ ಒಳಗೂ ಹೊರಗೂ ಅಂಚಿನಲ್ಲಿ ಎದ್ದ ಚೂಪು ಸುಂಕು ತೆಗೆಯಬೇಕು. ತುಂಬಿಸುವ ಕೆಲಸ ಮಾವನದ್ದೇ, ಲೈಸೆನ್ಸಿನಲ್ಲಿ ಅದಕ್ಕೆ ಅನುಮತಿ ಉಂಟು, ಮದ್ದಿನ ಕಪಾಟಿನ ಬೀಗದ ಕೈ ಅವರ ಸೊಂಟದಲ್ಲೇ ಇರುತ್ತದೆ. ತೋಟೆ ಮನೆಯ ಗೇಟು ದಾಟಬಾರದು ಎಂಬುದು ಅವರ ಕಟ್ಟುನಿಟ್ಟು. ಅದಕ್ಕೇ ನನ್ನನ್ನು ಅಲ್ಲಿಗೇ ಕರೆಸಿದ್ದು.

"ಕನ್ನಡಕ ಬದಲಾಯಿಸ್ಬೇಕು. ಸಣ್ಣದು ಸರಿ ಕಾಣುವುದಿಲ್ಲ. ನಿನಗೆ ಹೇಗೂ ದಿನಾ ಕೊರೆದು ಅಭ್ಯಾಸ ಉಂಟಲ್ಲ" ಎಂದರು ಮಾವ.

ಮೇಜಿನ ಮೇಲೆ ಹನ್ನೆರಡು ಉದ್ದದ ತೋಟೆ. ಪಕ್ಕದಲ್ಲಿ ಬಿಳಿ ಬಟ್ಟೆಯಲ್ಲಿ ಸುತ್ತಿಟ್ಟ ಇನ್ನೊಂದು. ಅದು ಮಾವನ ಮಾವನ ಕಾಲದ ಅಸಲು ತೋಟೆ, ಒಮ್ಮೆಯೂ ಕೋವಿಗೆ ಹಾಕದ್ದು, ಅಳತೆಗೆಂದೇ ಇಟ್ಟದ್ದು.

"ಉದ್ದ ಆದರೆ ಕೋವಿಗೆ ಕೇಡು. ಗಿಡ್ಡ ಆದರೆ ಗುರಿಗೆ ಕೇಡು. ಪ್ರತಿಯೊಂದನ್ನೂ ಇದರ ಪಕ್ಕದಲ್ಲಿ ನಿಲ್ಲಿಸಿ ನೋಡು. ಗಡಿಕಲ್ಲಿನಿಂದ ಅಳೆಯಬೇಕು, ಬೇಲಿಯಿಂದ ಅಳೆಯಬಾರದು. ಗೊತ್ತಾಯಿತಾ?"

ಗೊತ್ತಾಯಿತು ಎಂದೆ. ಮಾವ ವಿಟ್ಲದಲ್ಲಿ ಯಾರದೋ ಗೃಹಪ್ರವೇಶಕ್ಕೆ ಹೊರಟರು.

ಓದುಗರೇ, ಒಂದು ಮಾತು ಹೇಳಬೇಕು. ಇಪ್ಪತ್ತೆರಡು ವರ್ಷದಿಂದ ಜನರ ಹಲ್ಲಿಗೆ ಟೊಪ್ಪಿ ಕೂರಿಸುತ್ತಿರುವವನು ನಾನು. ಕೂದಲೆಳೆಯಷ್ಟು ಎತ್ತರವಾದರೂ ನನ್ನ ಬೆರಳಿಗೆ ಗೊತ್ತಾಗುತ್ತದೆ. ಹಿತ್ತಾಳೆ ಕೊಳವೆ ನನಗೊಂದು ಲೆಕ್ಕವೇ?

ಮೊದಲನೆಯದನ್ನು ಅಸಲಿನ ಪಕ್ಕದಲ್ಲಿ ನಿಲ್ಲಿಸಿ, ಮೇಲಿನಿಂದ ಬೆರಳಾಡಿಸಿ ನೋಡಿದೆ. ಎರಡೂ ಒಂದೇ. ಭೇಷ್! ಆಮೇಲೆ ಅಸಲನ್ನು ಬಟ್ಟೆಯಲ್ಲಿ ಸುತ್ತಿ ಮೇಲಿನ ಹಲಗೆಯಲ್ಲಿಟ್ಟೆ. ಹಳೇ ವಸ್ತು, ಅರ ತಾಗಿ ಗೀರಿದರೆ ಮಾವ ಸುಮ್ಮನಿರುತ್ತಾರೆಯೇ? ನಾನೇ ಈಗಷ್ಟೇ ಮಾಡಿದ, ಹೊಳೆಯುವ ತೋಟೆ ಇದೆಯಲ್ಲ ಅಳತೆಗೆ! ಎರಡನೆಯದನ್ನು ಮೊದಲನೆಯದರ ಪಕ್ಕ ಇಟ್ಟು ಇಳಿಸಿದೆ. ಮೂರನೆಯದನ್ನು ಎರಡನೆಯದರ ಪಕ್ಕ. ನಾಲ್ಕನೆಯದನ್ನು ಮೂರನೆಯದರ ಪಕ್ಕ. ಪ್ರತಿ ಸಲವೂ ಬೆರಳು ಹೇಳಿತು, ಒಂದೇ ಅಳತೆ.

ಎಂಟು ಆಗುವಾಗ ಪಾಲಿಶ್ ಪೇಪರ್ ಹರಿಯಿತು. ಬೇರೆ ಹುಡುಕಿಕೊಂಡು ಮೇಜಿನ ಕೆಳಗೆ ಬಗ್ಗಿದೆ. ಅಲ್ಲಿ ಒಂದು ಬಿಸ್ಕತ್ತಿನ ಡಬ್ಬಿ ಇತ್ತು. ತೆಗೆದೆ.

ಡಬ್ಬಿಯ ತುಂಬ ಹಾಳಾದ ತೋಟೆಗಳು. ಕೆಲವದರ ಬಾಯಿ ಓರೆ. ಕೆಲವದಕ್ಕೆ ಅರ ಜಾರಿ ಮೈಯೆಲ್ಲ ಗೀರು. ಒಂದರಲ್ಲಿ ಗರಗಸ ಒಂದೇ ಜಾಗದಲ್ಲಿ ನಿಲ್ಲದೆ ಮೂರು ಕಡೆ ಕಚ್ಚಿದ ಗುರುತು. ಕಣ್ಣು ಕಾಣದವರು ಮಾಡುವ ತಪ್ಪೇ ಬೇರೆ, ಕೈ ನಿಲ್ಲದವರು ಮಾಡುವ ತಪ್ಪೇ ಬೇರೆ. ಅದು ನನ್ನ ಕಸುಬು, ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಮಾವ ಎಷ್ಟು ದಿನ ಈ ಶೆಡ್ಡಿನಲ್ಲಿ ಒಬ್ಬರೇ ಕೂತು, ಒಂದಾದ ಮೇಲೊಂದು ಹಾಳು ಮಾಡಿ, ಯಾರಿಗೂ ಕಾಣದ ಹಾಗೆ ಈ ಡಬ್ಬಿಗೆ ಹಾಕಿರಬಹುದು? ಕನ್ನಡಕದ ಮೇಲೆ ಸುಳ್ಳೇ ತಪ್ಪು ಹೊರಿಸುವಷ್ಟು ಹೆದರಿದ್ದರು ನನ್ನ ಮಾವ. ಉಳಿದ ನಾಲ್ಕನ್ನು ಹೇಗೆ ಮುಗಿಸಿದೆನೋ ನನಗೇ ಗೊತ್ತಿಲ್ಲ.

ಮಧ್ಯಾಹ್ನ ಅತ್ತೆ ಬಂದು ಹನ್ನೆರಡನ್ನೂ ಹುಣಸೆಹುಳಿ ಹಾಕಿ ತಿಕ್ಕಿದರು. ಅತ್ತೆಯ ಪ್ರಕಾರ ಹಿತ್ತಾಳೆ ಯಾವುದಿದ್ದರೂ ಹಿತ್ತಾಳೆಯೇ, ಬಸದಿಯ ದೀಪವಾದರೂ ಕೋವಿಯ ತೋಟೆಯಾದರೂ. ತೊಳೆದು, ನಾನು ಇಟ್ಟಿದ್ದ ಸಾಲಿನಲ್ಲೇ ಕಟ್ಟೆಯ ಮೇಲೆ ಬಿಸಿಲಿಗೆ ನಿಲ್ಲಿಸಿದರು. ಆಮೇಲೆ ಸ್ವಲ್ಪ ಹಿಂದೆ ಸರಿದು, ಸೊಂಟಕ್ಕೆ ಕೈ ಇಟ್ಟು ನೋಡಿದರು.

"ಅಜಿತ, ಇದೆಲ್ಲ ಒಂದೇ ಅಳತೆಯದ್ದಾ?"

"ಹೌದು ಅತ್ತೆ."

"ಶಾಲೆಯಲ್ಲಿ ಡ್ರಿಲ್ಲಿಗೆ ನಿಲ್ಲಿಸಿದ ಮಕ್ಕಳ ಹಾಗೆ ಕಾಣ್ತದಲ್ಲ ಮಾರಾಯ!"

ನೋಡಿದೆ. ಮೊದಲನೆಯದು ಎತ್ತರ. ಹನ್ನೆರಡನೆಯದು ಗಿಡ್ಡ. ನಡುವಿನವು ಶಿಸ್ತಾಗಿ ಒಂದೊಂದೇ ಮೆಟ್ಟಿಲು ಇಳಿದಿದ್ದವು. ಅಕ್ಕಪಕ್ಕದ ಯಾವ ಎರಡನ್ನು ಹಿಡಿದು ನೋಡಿದರೂ ವ್ಯತ್ಯಾಸವಿಲ್ಲ. ಮೊದಲ ಮತ್ತು ಕೊನೆಯದನ್ನು ಹಿಡಿದರೆ ನನ್ನ ಉಗುರಿನಷ್ಟು ದಪ್ಪದ ವ್ಯತ್ಯಾಸ! ಪ್ರತಿಯೊಂದರಲ್ಲೂ ಬೆರಳಿಗೆ ತಿಳಿಯದಷ್ಟು ಒಂದಿಷ್ಟು ಹೆಚ್ಚು ತೆಗೆದಿದ್ದೆ. ಅದನ್ನೇ ಅಳತೆಗೋಲು ಮಾಡಿ ಮುಂದಿನದರಲ್ಲಿ ಮತ್ತೊಂದಿಷ್ಟು.

ಹಿತ್ತಾಳೆಯನ್ನು ಕೊಯ್ಯಬಹುದು, ಅಂಟಿಸಲಿಕ್ಕಾಗುವುದಿಲ್ಲ. ಬೆರಳಿನ ಜಂಬ ಕಟ್ಟೆಯ ಮೇಲೆ ಒಣಗುತ್ತಿತ್ತು.

ಐದು ಗಂಟೆಗೆ ಮಾವ ಬಂದರು. (ಸೂರ್ಯ ಮುಳುಗುವ ಮೊದಲು ಊಟ ಆಗಬೇಕು, ಆ ಒಂದು ವಿಷಯದಲ್ಲಿ ಅವರ ಗಡಿಯಾರ ತಪ್ಪುವುದಿಲ್ಲ.) ಸೀದಾ ಕಟ್ಟೆಯ ಹತ್ತಿರ ಹೋಗಿ ಸಾಲನ್ನು ನೋಡಿದರು. ಅಸಲು ತೋಟೆ ಎಲ್ಲಿ ಎಂದು ಕೇಳಿದರು. ಮೇಲಿನ ಹಲಗೆಯಿಂದ ತಂದುಕೊಟ್ಟೆ. ಬಟ್ಟೆ ಬಿಚ್ಚುವಾಗಲೇ ಅವರಿಗೆ ಅರ್ಥವಾಗಿತ್ತು.

ಬೈಗುಳಕ್ಕೆ ತಯಾರಾಗಿ ನಿಂತಿದ್ದೆ. ಮಾವ ನಕ್ಕರು. ಬಾಯಿ ತುಂಬ ನಕ್ಕರು.

"ನೋಡು ಮಾರಾಯ್ತಿ" ಎಂದು ಅತ್ತೆಯನ್ನು ಕರೆದರು. "ಮೂವತ್ತು ವರ್ಷ ಸರ್ವೆ ಮಾಡಿದವನ ಅಳಿಯ ಬೇಲಿಯಿಂದ ಅಳೆದು ಬಿಟ್ಟ!"

ಆಮೇಲೆ ಒಂದು ಕತೆಯೂ ಬಂತು. ಹಿಂದೆ ಪುಂಜಾಲಕಟ್ಟೆಯ ಹತ್ತಿರ ಒಬ್ಬರು ಮಳೆಗಾಲ ಮುಗಿದಾಗಲೆಲ್ಲ ಹಳೇ ಬೇಲಿ ಕಿತ್ತು ಹೊಸದು ಹಾಕುತ್ತಿದ್ದರಂತೆ. ಪ್ರತಿ ವರ್ಷ ಹೊಸ ಗೂಟ ಹಳೇ ಗೂಟದ ಹೊರಮಗ್ಗುಲಿಗೆ, ಒಂದೇ ಗೇಣು. ಪಕ್ಕದವರಿಗೆ ಗೊತ್ತೇ ಆಗಲಿಲ್ಲ. ಯಾಕೆಂದರೆ ಅವರೂ ಕಳೆದ ವರ್ಷದ ಬೇಲಿಯನ್ನೇ ನೋಡುತ್ತಿದ್ದರು. ಕೊನೆಗೆ ಒಂದು ದಿನ ಪಕ್ಕದವರ ಮನೆಯ ಬಚ್ಚಲು ಬೇಲಿ ಹಾಕಿದವರ ಜಾಗದಲ್ಲಿತ್ತು. ಮಾವ ಹೋಗಿ ಪೊದೆಯೊಳಗೆ ಹೂತುಹೋಗಿದ್ದ ಗಡಿಕಲ್ಲು ಹುಡುಕಿ ತೆಗೆದ ಮೇಲೆ ವ್ಯಾಜ್ಯ ಮುಗಿದದ್ದು.

ಮಾವ ಒಳ್ಳೆ ಲಹರಿಯಲ್ಲಿದ್ದರು. ಈಗ ಹೇಳದಿದ್ದರೆ ಮತ್ತೆ ಯಾವಾಗ? ನಾನು ಶೆಡ್ಡಿಗೆ ಹೋಗಿ ಬಿಸ್ಕತ್ತಿನ ಡಬ್ಬಿ ತಂದು, ನನ್ನ ಗಿಡ್ಡ ತೋಟೆಗಳ ಪಕ್ಕದಲ್ಲಿ ಇಟ್ಟೆ.

"ಮಾವ, ನಾನು ಇವತ್ತು ಇಷ್ಟು ಹಾಳು ಮಾಡಿದೆ. ನೀವು?"

ನಗು ನಿಂತಿತು. ಅತ್ತೆ ಸೆರಗಿಗೆ ಕೈ ಒರೆಸಿಕೊಂಡು ಅಲ್ಲೇ ಕಂಬಕ್ಕೆ ಒರಗಿದರು, ಒಳಗೆ ಹೋಗಲಿಲ್ಲ.

"ಕನ್ನಡಕ..." ಎಂದು ಶುರು ಮಾಡಿದರು ಮಾವ.

"ಕನ್ನಡಕ ಅಲ್ಲ ಮಾವ."

ಮಾವ ಡಬ್ಬಿಯ ಮುಚ್ಚಳ ಮುಚ್ಚಿದರು.

"ಅದೆಂತ ದೊಡ್ಡ ವಿಷಯ ಅಲ್ಲ" ಎಂದರು ಮಾವ. "ಸ್ವಲ್ಪ ಅದುರ್ತದೆ, ಅಷ್ಟೆ. ನಿನ್ನೆಗಿಂತ ಇವತ್ತು ಜಾಸ್ತಿ ಏನಿಲ್ಲ."

"ಮೊನ್ನೆಗಿಂತ ನಿನ್ನೆ?"

"ಅದೂ ಇಲ್ಲ. ಇದ್ದ ಹಾಗೇ ಉಂಟು."

ಮಾವ ತಾನು ಹೇಳಿದ ಮಾತನ್ನು ತಾನೇ ಕೇಳಿಸಿಕೊಂಡವರ ಹಾಗೆ ಕಟ್ಟೆಯ ಮೇಲಿನ ಸಾಲನ್ನೇ ನೋಡುತ್ತಾ ನಿಂತರು. ಮೊದಲನೆಯದರಿಂದ ಹನ್ನೆರಡನೆಯದರವರೆಗೆ. ಆಮೇಲೆ ಒಳಗೆ ಹೋದರು. ಬರುವಾಗ ಕೈಯಲ್ಲಿ ಒಂದು ಫೈಲು.

ಸರ್ಕಾರಿ ನೌಕರಿ ಮಾಡಿದವರ ಫೈಲು ಅಂದರೆ ಕೇಳಬೇಕೇ? ಲೈಸೆನ್ಸಿಗೆ ಹಾಕಿದ ಮೊದಲ ಅರ್ಜಿಯಿಂದ ಹಿಡಿದು ಪ್ರತಿ ರಿನ್ಯೂವಲಿನ ಪ್ರತಿಯೂ ಅದರಲ್ಲಿ ಸಾಲಾಗಿ ಟ್ಯಾಗ್ ಹಾಕಿ ಕೂತಿತ್ತು. ಮಾವ ಕಟ್ಟೆಯ ಮೇಲೆ ಕೂತು, ನಡುವಿನದ್ದನ್ನೆಲ್ಲ ಬಿಟ್ಟು, ಎಲ್ಲದರ ಅಡಿಯ ಮೊದಲ ಅರ್ಜಿಯನ್ನು ಹೊರತೆಗೆದರು. ಈ ಸಲದ ಅರ್ಜಿಯನ್ನು ಅದರ ಪಕ್ಕ ಇಟ್ಟರು. ಎರಡರ ಕೆಳಗೂ ಅವರದ್ದೇ ಸಹಿ.

ಮೊದಲನೆಯದು ನಕ್ಷೆಯ ಮೇಲೆ ಎಳೆದ ಗೆರೆಯ ಹಾಗೆ ನೇರ. ಕೊನೆಯದನ್ನು ಬಸ್ಸಿನಲ್ಲಿ ನಿಂತುಕೊಂಡು ಬರೆದ ಹಾಗಿತ್ತು.

ಮಾವ ಬಹಳ ಹೊತ್ತು ನೋಡಿದರು. ಆಮೇಲೆ ಮೆಲ್ಲನೆ ಹೇಳಿದರು.

"ಬೇಲಿ ಎಷ್ಟು ಸರಿದಿದೆ ನೋಡು, ಅಜಿತ."

ಅವರು ಯಾವುದಕ್ಕೆ ಹೆದರಿದ್ದರು ಎಂಬುದು ಆಗ ಹೊರಗೆ ಬಂತು. ಅವರ ಅಣ್ಣ, ನನ್ನ ದೊಡ್ಡ ಮಾವ, ಕೊನೆಯ ವರ್ಷಗಳಲ್ಲಿ ಪಾರ್ಕಿನ್ಸನ್ ಆಗಿ ಹಾಸಿಗೆ ಹಿಡಿದವರು. ಅನ್ನದ ತುತ್ತು ಬಾಯಿಗೆ ಹೋಗುತ್ತಿರಲಿಲ್ಲ. "ಡಾಕ್ಟರ್ ಹತ್ತಿರ ಹೋದರೆ ಆ ಹೆಸರು ಹೇಳ್ತಾರೆ. ಹೆಸರು ಹೇಳಿದ ಮೇಲೆ ಮತ್ತೆ ಕೋವಿ ಎಂತ, ತೆಂಗಿನಕಾಯಿ ಎಂತ? ಅದಕ್ಕೇ ನಿನ್ನತ್ರ ಸೈನ್ ಹಾಕಿಸಿ ಬಿಡುವ ಅಂತ ಬಂದೆ" ಎಂದರು. ಹೇಳುವಾಗ ಕೈಯನ್ನು ಜೇಬಿಗೆ ಹಾಕಲಿಲ್ಲ. ಮೊಣಕಾಲಿನ ಮೇಲೆ ಇಟ್ಟುಕೊಂಡರು, ಅದು ಅದುರುತ್ತಿತ್ತು, ನಾವು ಮೂವರೂ ನೋಡಿದೆವು.

ಒಂದು ಕೆಲಸ ಹಾಳಾಗಿ ಇನ್ನೊಂದು ಕೆಲಸ ಆಗುವುದು ಅಂದರೆ ಇದೇ ಇರಬೇಕು. ನಾನು ಹನ್ನೆರಡನ್ನೂ ಸರಿಯಾಗಿ ಇಳಿಸಿ ಕೊಟ್ಟಿದ್ದರೆ ಮಾವ ಬೆನ್ನು ತಟ್ಟುತ್ತಿದ್ದರು, ಊಟ ಹಾಕುತ್ತಿದ್ದರು, ಡಬ್ಬಿ ಮೇಜಿನ ಕೆಳಗೇ ಇರುತ್ತಿತ್ತು.

ಮರುದಿನವೇ ಬೆಳ್ತಂಗಡಿಯ ಒಬ್ಬ ನರರೋಗದ ಡಾಕ್ಟರರ ಹತ್ತಿರ ಕರೆದುಕೊಂಡು ಹೋದೆ. (ಡಾಕ್ಟರ್ ಅಂದರೆ ನಿಜವಾದ ಡಾಕ್ಟರ್. ಈ ಮಾತು ಮಾವನದ್ದು.) ಅವರು ಮಾವನನ್ನು ನಡೆಸಿದರು, ಬೆರಳು ತಟ್ಟಿಸಿದರು, ಒಂದು ಖಾಲಿ ಹಾಳೆ ಕೊಟ್ಟು ಚಕ್ಕುಲಿಯಂಥ ಸುರುಳಿ ಬಿಡಿಸಲು ಹೇಳಿದರು. ಜೀವಮಾನವಿಡೀ ನಕ್ಷೆ ಬಿಡಿಸಿದ ಮಾವ ಆ ಸುರುಳಿ ಮುಗಿಸುವಷ್ಟರಲ್ಲಿ ಬೆವತುಹೋದರು. ಗೆರೆ ಗರಗಸದ ಹಲ್ಲಿನ ಹಾಗೆ ಬಂದಿತ್ತು.

ಡಾಕ್ಟರು ಹಾಳೆ ತಿರುಗಿಸಿ ತಿರುಗಿಸಿ ನೋಡಿದರು.

"ನೀವು ಹೆದರಿದ ಕಾಯಿಲೆ ಅಲ್ಲ ಇದು" ಎಂದರು. "ಕೆಲಸ ಮಾಡುವಾಗ ಮಾತ್ರ ಬರುವ ನಡುಕ. ಗುಳಿಗೆ ಕೊಡ್ತೇನೆ. ಕಾಪಿ ಕುಡಿಯುವುದು ಕಡಿಮೆ ಮಾಡಿ. ಮೂರು ತಿಂಗಳು ಬಿಟ್ಟು ನೋಡುವ, ಆಮೇಲೆ ಫಾರಂ."

ಮಾವ ತಲೆ ಆಡಿಸಿದರು. ಹೊರಗೆ ಬಂದು ಮೆಟ್ಟಿಲಿನ ಮೇಲೆ ಕೂತು ಕನ್ನಡಕ ತೆಗೆದು ಒರೆಸಿದರು, ಹಾಕಿಕೊಂಡರು, ಮತ್ತೆ ತೆಗೆದು ಒರೆಸಿದರು. ನಾನು ಬೇಕೆಂದೇ ರಸ್ತೆಯ ಕಡೆ ನೋಡುತ್ತಾ ನಿಂತೆ. ನನ್ನ ಕಣ್ಣೂ ಒಣಗಿರಲಿಲ್ಲ ಎಂದು ಬರೆದರೆ ನಾಚಿಕೆ ಏನಿಲ್ಲ.

ಕಾರಿನಲ್ಲಿ ಕೂತ ಮೇಲೆ ಅವರ ಮೊದಲ ಮಾತು, "ಕಾಪಿ ಕಡಿಮೆ ಅಂದರೆ ಎಷ್ಟು ಕಡಿಮೆ ಅಂತ ಅವರು ಸರಿ ಹೇಳಲಿಲ್ಲ ಅಲ್ಲವಾ?"

ಲೈಸೆನ್ಸಿನ ಅವಧಿ ಮುಗಿಯುವ ಮೊದಲೇ ಮಾವ ತಾನಾಗಿ ಹೋಗಿ ರೈಫಲನ್ನು ಠಾಣೆಯಲ್ಲಿಟ್ಟು ರಶೀದಿ ತಂದರು. ಪ್ರತಿ ಚುನಾವಣೆಗೂ ಠಾಣೆಗೆ ಕೊಟ್ಟು ಅಭ್ಯಾಸವಿದ್ದ ಕೋವಿ. "ಚುನಾವಣೆ ಇಲ್ಲದೆ ಯಾಕೆ ತಂದಿರಿ ಅಂತ ಕೇಳಿದರು. ನನ್ನದೇ ಒಂದು ಚುನಾವಣೆ ಉಂಟು ಅಂದೆ" ಎಂದು ಫೋನಿನಲ್ಲಿ ಹೇಳಿ ನಕ್ಕರು.

ಆ ವರ್ಷದ ತೆಂಗಿನಕಾಯಿ ಸ್ಪರ್ಧೆಗೆ ಕೋವಿ ಇಲ್ಲದೆಯೇ ಹೋದರು. ಯುವಕ ಮಂಡಲದವರು ಟೇಪು ಹಿಡಿದು ಸ್ವಾಗತ ದ್ವಾರಕ್ಕೆ ಕಟ್ಟಿದ ಕಂಬದಿಂದ ದೂರ ಅಳೆಯುತ್ತಿದ್ದರಂತೆ. ಮಾವನಿಗೆ ತಡೆಯಲಾಗಲಿಲ್ಲ. ಗುರಿ ಇಡುವವರು ನಿಲ್ಲುವ ಜಾಗದಲ್ಲಿ ಒಂದು ಗೂಟ ಹೊಡೆಸಿ, ಅಲ್ಲಿಂದ ಪ್ರತಿ ತೆಂಗಿನಕಾಯಿಗೂ ಬೇರೆ ಬೇರೆಯಾಗಿ ಅಳೆಸಿದರು. ಮುಂದಿನ ವರ್ಷಕ್ಕೂ ಅಳತೆ ನೀವೇ ಮಾಡಿಕೊಡಬೇಕು ಎಂದು ಅವರು ಕೇಳಿಕೊಂಡರಂತೆ. "ಮುಂದಿನ ವರ್ಷ ನನಗೆ ಬೇರೆ ಕೆಲಸ ಉಂಟು" ಎಂದು ಬಂದರಂತೆ.

ಆದರೆ ಗುಳಿಗೆಯ ಬಗ್ಗೆ ಮಾತ್ರ ವಾರಕ್ಕೊಂದು ದೂರು.

"ಪ್ರಯೋಜನ ಇಲ್ಲ ಮಾರಾಯ. ನಿನ್ನೆ ಹೇಗಿತ್ತೋ ಹಾಗೇ ಉಂಟು."

"ಮಾವ, ನಿನ್ನೆಯಿಂದ ಅಳೆಯುವುದಾ?"

"ಇಡು ಫೋನು."

ಇಳಿಯುವಾಗ ಗೊತ್ತಾಗದ ಮೆಟ್ಟಿಲು ಹತ್ತುವಾಗಲೂ ಗೊತ್ತಾಗುವುದಿಲ್ಲ. ನನ್ನ ಕುರ್ಚಿಯಲ್ಲಿ ಕೂರುವವರು ದಿನವೂ ಹೇಳುವ ಮಾತೂ ಇದೇ. "ಒಸಡಿನಲ್ಲಿ ರಕ್ತ ಬರ್ತದೆ ಡಾಕ್ಟ್ರೇ, ಆದರೆ ಜಾಸ್ತಿ ಏನಿಲ್ಲ, ಯಾವಾಗಲೂ ಬರುವಷ್ಟೇ." ಯಾವಾಗಲೂ ಅಂದರೆ ಯಾವಾಗಿನಿಂದ? ಆಡಿಕೊಳ್ಳುವ ನಾನಾದರೂ ಸಾಚಾನೇ? ಮಗಳು ಸಣ್ಣವಳಿದ್ದಾಗ ಏಳು ಗಂಟೆಗೆ ಕ್ಲಿನಿಕ್ಕಿನ ಬಾಗಿಲು ಹಾಕಿ ಅವಳ ಜೊತೆ ಕೇರಂ ಆಡುತ್ತಿದ್ದೆ. ಆಮೇಲೆ ಏಳೂಕಾಲಾಯಿತು, ಏಳೂವರೆಯಾಯಿತು. ಈಗ ನಾನು ಮನೆ ಸೇರುವಾಗ ಕೇರಂ ಬೋರ್ಡು ಕಪಾಟಿನ ಹಿಂದೆ ನಿಂತಿರುತ್ತದೆ, ಮಗಳು ಪರೀಕ್ಷೆಗೆ ಓದುತ್ತಿರುತ್ತಾಳೆ. ಯಾವತ್ತು ನಿಂತಿತು ಎಂದು ಕೇಳಿದರೆ ಅವಳಿಗೂ ಗೊತ್ತಿಲ್ಲ, ನನಗೂ ಇಲ್ಲ. ಯಾವ ದಿನವೂ ನಾವು ನಿಲ್ಲಿಸಿರಲಿಲ್ಲವಲ್ಲ! (ಈಗ ಬುಧವಾರ, ಶನಿವಾರ ಏಳಕ್ಕೇ ಬಾಗಿಲು. ಹಲ್ಲುನೋವು ಇರುವವರು ದಯವಿಟ್ಟು ಬೇರೆ ದಿನ ನೋವು ತಂದುಕೊಳ್ಳಬೇಕು.)

ಮೂರು ತಿಂಗಳು ಕಳೆದ ಮೇಲೆ ಮತ್ತೆ ಬೆಳ್ತಂಗಡಿ. ಮತ್ತೆ ಖಾಲಿ ಹಾಳೆ, ಮತ್ತೆ ಚಕ್ಕುಲಿ. ಮಾವ ಮುಗಿಸಿದ ಮೇಲೆ ಡಾಕ್ಟರು ತಮ್ಮ ಡ್ರಾಯರಿನಿಂದ ಮೊದಲ ದಿನದ ಹಾಳೆ ತೆಗೆದು ಪಕ್ಕದಲ್ಲಿಟ್ಟರು. ಹೊಸ ಸುರುಳಿ ನಕ್ಷೆಯ ಗೆರೆಯಷ್ಟು ನಯ ಏನೂ ಇರಲಿಲ್ಲ. ಅಲ್ಲಲ್ಲಿ ಸಣ್ಣ ಅಲೆ ಇತ್ತು. ಆದರೆ ಗರಗಸದ ಹಲ್ಲುಗಳು ಹೋಗಿದ್ದವು.

ಡಾಕ್ಟರು ಕಣ್ಣು, ಬಿ.ಪಿ. ಎಲ್ಲ ನೋಡಿ, ಇನ್ನೊಂದಿಷ್ಟು ಪ್ರಶ್ನೆ ಕೇಳಿ, ಕೊನೆಗೆ ಫಾರಂ ಎಳೆದುಕೊಂಡು ಸಹಿ ಹಾಕಿದರು. ಸೀಲೂ ಹಾಕಿದರು. ಆರು ತಿಂಗಳಿಗೊಮ್ಮೆ ಬಂದು ತೋರಿಸಬೇಕು, ಕೈ ಹತೋಟಿ ತಪ್ಪಿದರೆ ಕೋವಿ ಮುಟ್ಟಬಾರದು ಎಂದು ಷರತ್ತು ಹಾಕಿದರು. ಮಾವ ಎಲ್ಲದಕ್ಕೂ ಹ್ಞೂಂ ಎಂದರು. ಹೊರಗೆ ಬಂದು ನನಗೆ ಹೇಳಿದರು, "ನೋಡಿದೆಯಾ? ಮೊದಲನೆಯ ಹಾಳೆ ಜೋಪಾನ ಮಾಡಿ ಇಟ್ಟಿದ್ದಾರೆ. ಓದಿದ ಡಾಕ್ಟರ್ ಅಂದರೆ ಇವರು."

ಕಳೆದ ಆದಿತ್ಯವಾರ ಮಾಣಿಗೆ ಹೋಗಿದ್ದೆ. ರೈಫಲ್ ಠಾಣೆಯಿಂದ ವಾಪಸು ಬಂದಿದೆ. ಶೆಡ್ಡಿನಲ್ಲಿ ಮಾವನೇ ಕೂತು ಹೊಸ ತೋಟೆಗೆ ಅರ ಹಾಕುತ್ತಿದ್ದರು. ನನ್ನ ಕೆಲಸ ವೈಸ್ ತಿರುಗಿಸುವುದು, ಬಾಯಿ ಮುಚ್ಚಿಕೊಂಡಿರುವುದು. ಮಾವ ಎರಡು ಸಲ ಅರ ಎಳೆಯುವುದು, ನಿಲ್ಲಿಸುವುದು, ಬಿಳಿ ಬಟ್ಟೆ ಬಿಚ್ಚಿ ಅಸಲಿನ ಪಕ್ಕ ಇಡುವುದು. ಮತ್ತೆ ಎರಡು ಸಲ. ಮಧ್ಯಾಹ್ನದವರೆಗೆ ಮೂರೇ ಮೂರು ತೋಟೆ ಆಯಿತು. ಇನ್ನೊಂದರಲ್ಲಿ ಅರ ಜಾರಿ ಹಾಳಾಯಿತು. ಅದನ್ನು ಡಬ್ಬಿಗೆ ಹಾಕದೆ, ನನ್ನ ಕಣ್ಣೆದುರಿಗೇ ಮೇಜಿನ ಮೇಲೆ ಇಟ್ಟರು.

ನೀರು ಕುಡಿಯಲು ಅಡುಗೆಮನೆಗೆ ಹೋದೆ. ಅತ್ತೆ ಮಾವನಿಗೆ ಜೀರಿಗೆ ಕಷಾಯ ಸೋಸುತ್ತಿದ್ದರು. (ಕಾಪಿ ಈಗ ಬೆಳಿಗ್ಗೆ ಒಂದೇ.) ಲೋಟ ಕಂಠದವರೆಗೆ ಬಂದರೂ ಅವರು ಕೈ ನಿಲ್ಲಿಸಲಿಲ್ಲ.

"ಚೆಲ್ಲುತ್ತದೆ ಅತ್ತೆ" ಎಂದೆ.

ಅತ್ತೆ ಶೆಡ್ಡಿನ ಕಡೆ ಒಮ್ಮೆ ನೋಡಿ, ದನಿ ತಗ್ಗಿಸಿದರು.

"ಮೂರು ವರ್ಷದಿಂದ ನಾನು ಅವರಿಗೆ ಲೋಟ ತುಂಬ ಕೊಟ್ಟದ್ದೇ ಇಲ್ಲ ಅಜಿತ. ಶುರುವಿಗೆ ಒಂದು ಬೆರಳು ಕಡಿಮೆ ಹಾಕಿದೆ. ಮತ್ತೆ ಎರಡು ಬೆರಳು. ಮೊನ್ನೆ ಮಳೆಗಾಲಕ್ಕೆ ಅರ್ಧಕ್ಕೆ ಬಂದಿತ್ತು. ಕೈ ಅದುರಿ ಚೆಲ್ಲಿದರೆ ಅವರಿಗೆ ಬೇಜಾರಾಗ್ತದಲ್ಲ, ಅದಕ್ಕೆ."

"ಮಾವನಿಗೆ ಗೊತ್ತುಂಟಾ?"

"ಎಲ್ಲಿ ಗೊತ್ತು! ಒಂದು ದಿನವೂ ಕಡಿಮೆ ಆಯಿತು ಅಂತ ಹೇಳಿದವರಲ್ಲ."

ತುಂಬಿದ ಲೋಟವನ್ನು ಅವರೇ ತೆಗೆದುಕೊಂಡು ಹೋಗಿ ಮೇಜಿನ ಮೇಲಿಟ್ಟರು. ಮಾವ ಒಂದು ಕೈಯಲ್ಲಿ ಅರ ಹಿಡಿದುಕೊಂಡೇ, ಇನ್ನೊಂದು ಕೈಯಲ್ಲಿ ಲೋಟ ಎತ್ತಿ ಕುಡಿದರು. ಎರಡು ಹನಿ ಹಲಗೆಯ ಮೇಲೆ ಬಿತ್ತು. ಅತ್ತೆ ಆ ಕಡೆ ನೋಡಲಿಲ್ಲ.

ನಿಮ್ಮ ಮನೆಯಲ್ಲಿ ನಿಮ್ಮ ಕೈಗೆ ಬರುವ ಲೋಟ ಎಷ್ಟು ತುಂಬಿರುತ್ತದೆ, ಯಾವತ್ತಾದರೂ ನೋಡಿದ್ದೀರಾ?